ನಡೆದಾಡುವ ಶಾಲೆಯ ಗವಾಯಿಗಳು

ನಾಲ್ಕನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿಗೆ ನಾವು ಮೂವರು ಗೆಳೆಯರು ಅಂಧರಿಗಾಗಿ ಒಂದು ಕೋಲು ಮಾಡಿದ್ದೆವು. ಎದುರಿಗೆ ಏನಾದರೂ ಬಂದರೆ ಸೆನ್ಸರ್ ಗುರುತಿಸಿ ಬಝರ್ ಕೂಗಬೇಕು. ಯಲಬುರ್ಗಾ ಕಡೆಯ ಹಳ್ಳಿಯಲ್ಲಿರುವ ನನ್ನ ಸೋದರಮಾವನಿಗೆ ಹುಟ್ಟಿನಿಂದ ಕಣ್ಣಿಲ್ಲ. ಹೆಮ್ಮೆಯಿಂದ ಅವನ ಕೈಗೆ ಕೊಟ್ಟೆ. ಅಗಸಿಯವರೆಗೆ ಹೋಗಿ ಬಂದ ಮಾವ, ಇದರ ಗದ್ದಲದಲ್ಲಿ ತನಗೆ ದಾರಿಯೇ ಕೇಳಿಸುವುದಿಲ್ಲವೆಂದು ಕೋಲನ್ನು ಮೂಲೆಗಿಟ್ಟು, ಹಾರ್ಮೋನಿಯಂ ಮುಂದೆ ಕೂತು ಊರ ಹುಡುಗರಿಗೆ ಪಾಠ ಶುರುಮಾಡಿದ. ಅವನು ಆ ವಿದ್ಯೆ ಕಲಿತದ್ದು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಆ ಸಂಜೆಯೇ ನಾನು ಪಂಚಾಕ್ಷರ ಗವಾಯಿಗಳ ಬಗ್ಗೆ ಓದತೊಡಗಿದೆ. ಅಲ್ಲಿಯವರೆಗೆ ನನಗೆ ಗೊತ್ತಿದ್ದುದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಸಿನಿಮಾ ಮಾತ್ರ.

1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ. ಒಡಹುಟ್ಟಿದ ಗುರುಬಸವಯ್ಯನಿಗೂ ಇರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು ಎಂದರೆ ಆ ಕಾಲದಲ್ಲಿ ಜನ ಏನೆಲ್ಲ ಆಡಿಕೊಂಡಿರಬಹುದು! ಈ ಹುಡುಗರ ಹಾಡು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಮಾತ್ರ ಅವರ ಕಂಠವನ್ನು ಕಂಡರು, ಕರೆದುಕೊಂಡು ಹೋಗಿ ಕಲಿಸಿದರು. ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತರು. ಆಮೇಲೆ ಬಾದಾಮಿ ಹತ್ತಿರದ ಶಿವಯೋಗಮಂದಿರದಲ್ಲಿ ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಕಲಿತು ಪಂಚಾಕ್ಷರ ಗವಾಯಿಗಳಾದರು.

ಎರಡೂ ಪದ್ಧತಿ ಬಲ್ಲ ಗಾಯಕ ಕಛೇರಿ ಮಾಡಿಕೊಂಡು ಸುಖವಾಗಿ ಇರಬಹುದಿತ್ತು. ಅವರು ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಅಂಧರು, ಅನಾಥರು, ಬಡವರ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗಿದರು. ಶಾಲೆಗೆ ಕಟ್ಟಡವಿರಲಿಲ್ಲ. ಗುರು ಹೋದಲ್ಲಿ ಶಾಲೆ. ಊಟವೂ ಪಾಠವೂ ಉಚಿತ, ಅದಕ್ಕೆ ಬೇಕಾದ ಕಾಳುಕಡಿ ಭಕ್ತರು ಕೊಟ್ಟಷ್ಟು. ಬರಗಾಲ ಕಾಡುವ ನಮ್ಮ ಸೀಮೆಯಲ್ಲಿ ಅಷ್ಟು ಹೊಟ್ಟೆ ತುಂಬಿಸುವುದು ರಾಗ ಕಲಿಸುವುದಕ್ಕಿಂತ ಕಷ್ಟದ ಕೆಲಸ. ನಾಟಕ ಕಂಪನಿಯೂ ಹುಟ್ಟಿಕೊಂಡಿತು, ಟಿಕೆಟ್ಟಿನ ದುಡ್ಡು ಮಕ್ಕಳ ಅನ್ನಕ್ಕಾಯಿತು.

ನನಗೆ ಮುಖ್ಯವೆನಿಸಿದ್ದು ಇದು: ಕಣ್ಣಿದ್ದವರು, ಇಲ್ಲದವರು ಒಂದೇ ಪಂಕ್ತಿಯಲ್ಲಿ ಕೂತು ಕಲಿತರು. ಕಣ್ಣಿದ್ದ ಬಸವರಾಜ ರಾಜಗುರುಗಳೂ, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳೂ ಅದೇ ಗುರುವಿನ ಶಿಷ್ಯರು. ಕೊನೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟ ಮೇಲೆ ಅಲೆದಾಟಕ್ಕೊಂದು ನೆಲೆ ಸಿಕ್ಕಿತು. ಗವಾಯಿಗಳು ಅಲ್ಲಿ ಹೆಚ್ಚು ಕಾಲ ಇರಲಿಲ್ಲ. 1944ರಲ್ಲಿ ತೀರಿಕೊಂಡರು. ಮೂವತ್ತರ ಹರೆಯದ ಪುಟ್ಟರಾಜರು ಹೊಣೆ ಹೊತ್ತು 2010ರವರೆಗೆ, ಅರವತ್ತಾರು ವರ್ಷ, ಆಶ್ರಮ ನಡೆಸಿದರು.

ಮಾವನನ್ನು ಗದುಗಿಗೆ ಕಳಿಸಲು ಅಜ್ಜಿ ಒಪ್ಪಿರಲಿಲ್ಲವಂತೆ. ಕಣ್ಣಿಲ್ಲದ ಕೂಸು ಕಣ್ಮರೆಯಾದರೆ ಹೇಗೆ ಎಂದು ಅತ್ತಿದ್ದಳಂತೆ. ಅಜ್ಜ ಹೇಳದೆ ಕೇಳದೆ ಬನ್ನಿಕೊಪ್ಪ ಸ್ಟೇಶನ್ನಿನಲ್ಲಿ ರೈಲು ಹತ್ತಿಸಿದ. ಇವತ್ತು ಪುರಾಣ, ಭಜನೆ ಇದ್ದರೆ ಸುತ್ತಲಿನ ಊರವರು ಮಾವನನ್ನೇ ಕರೆಯುತ್ತಾರೆ. ಅದೇ ಓಣಿಯಲ್ಲಿ ಮಾತು ಬಾರದ, ಕಿವಿ ಕೇಳದ ಒಬ್ಬ ಹುಡುಗಿ ಇದ್ದಾಳೆ. ಅವಳಿಗೆ ಹಾಡು ಒದಗುವುದಿಲ್ಲ. ಅಂಗವಿಕಲರ ಹಕ್ಕಿನ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಹೆಸರಿವೆ, ಅವಳದೂ ಇದೆ. ಆದರೆ ಅವಳನ್ನು ಯಾವ ಸ್ಟೇಶನ್ನಿನಲ್ಲಿ ರೈಲು ಹತ್ತಿಸಬೇಕೆಂದು ಅವಳ ಅಪ್ಪನಿಗೆ ಯಾರೂ ಹೇಳಿಲ್ಲ. ಅವಳಿಗೆ ಹನ್ನೊಂದು ವರ್ಷ, ದನ ಕಾಯುತ್ತಾಳೆ.

ಈ ಸಲ ಊರಿಗೆ ಹೋದಾಗ ಮಾವನಿಗೆ ಅವನು ಹೇಗೆ ನಡೆಯುತ್ತಾನೆಂದು ಮೊದಲು ಕೇಳಿದೆ. ಗೋಡೆ ಹತ್ತಿರ ಬಂದರೆ ಹೆಜ್ಜೆಯ ಸಪ್ಪಳ ಬದಲಾಗುತ್ತದಂತೆ. ಬಝರ್ ತೆಗೆದು, ಹಿಡಿಯಲ್ಲಿ ಸಣ್ಣಗೆ ನಡುಗುವ ಮೋಟರ್ ಕೂರಿಸಿದ್ದೇವೆ. ಪಾಠ ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದಾನೆ ಮಾವ.