ಪರದೆಯೊಳಗಿನ ದ್ರವದ ಹಿಂದೆ ಹೋದವರು: ಪ್ರೊ. ಎಸ್. ಚಂದ್ರಶೇಖರ್

ಹೋದ ಬೇಸಿಗೆಯ ಒಂದು ಶುಕ್ರವಾರ ಚಾಚಾ ತಮ್ಮ ಹಳೆಯ ಬೈಕನ್ನು ಮಸೀದಿಯ ಹೊರಗೆ ಬಿಸಿಲಲ್ಲೇ ನಿಲ್ಲಿಸಿ ಜುಮಾ ನಮಾಜಿಗೆ ಒಳಗೆ ಹೋದರು. ನಾನೂ ಜೊತೆಗಿದ್ದೆ. ಹೊರಗೆ ಬಂದು ಕೀ ತಿರುಗಿಸಿದರೆ ಮೀಟರಿನ ಗಾಜು ಪೂರ್ತಿ ಕಪ್ಪಾಗಿತ್ತು. ವೇಗ, ಪೆಟ್ರೋಲು, ಕಿಲೋಮೀಟರು ಒಂದೂ ಕಾಣುತ್ತಿರಲಿಲ್ಲ. ಇಂಜಿನ್ ಮಾತ್ರ ಎಂದಿನಂತೆ ಸ್ಟಾರ್ಟ್ ಆಯಿತು. ಚಳ್ಳಕೆರೆಯಲ್ಲಿ ಒಬ್ಬ ಮೆಕ್ಯಾನಿಕ್ ನೋಡಿ, ಒಳಗಿನ ಬೋರ್ಡ್ ಸುಟ್ಟುಹೋಗಿದೆ, ಮೀಟರ್ ಸೆಟ್ ಪೂರ್ತಿ ಬದಲಿಸಬೇಕು ಎಂದರು. ಅವರು ಹೇಳಿದ ಬೆಲೆ ಕೇಳಿ ಚಾಚಾ ಆಮೇಲೆ ಬರುತ್ತೇನೆಂದು ಗಾಡಿ ತಿರುಗಿಸಿದರು. ದೊಡ್ಡಉಳ್ಳಾರ್ತಿಗೆ ಬಂದು, ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಊಟ ಮುಗಿಸಿ ಬರುವಷ್ಟರಲ್ಲಿ ಅಂಕಿಗಳೆಲ್ಲ ಮತ್ತೆ ಮೂಡಿದ್ದವು.

ಸೋಮವಾರ ನಾನು ಇದನ್ನು ನಮ್ಮ ಫಿಸಿಕ್ಸ್ ಸರ್ ಹತ್ತಿರ ಹೇಳಿದೆ. ಬೋರ್ಡ್ ಸುಟ್ಟಿಲ್ಲ, ಪರದೆಯೊಳಗಿನ ದ್ರವ ಕಾದು ತನ್ನ ಶಿಸ್ತು ಕಳೆದುಕೊಂಡಿತ್ತು ಅಷ್ಟೇ ಎಂದರು. ಆ ದ್ರವದ ಬಗ್ಗೆ ತಿಳಿಯಬೇಕಾದರೆ ಓದು ಎಂದು ಒಂದು ಹೆಸರು ಬರೆದುಕೊಟ್ಟರು: ಎಸ್. ಚಂದ್ರಶೇಖರ್. ನಾನು ನೊಬೆಲ್ ಪಡೆದ ನಕ್ಷತ್ರಗಳ ವಿಜ್ಞಾನಿ ಎಂದುಕೊಂಡೆ. ಅವರಲ್ಲ. ಇವರು ಶಿವರಾಮಕೃಷ್ಣ ಚಂದ್ರಶೇಖರ್. ಇಬ್ಬರಿಗೂ ಸರ್ ಸಿ. ವಿ. ರಾಮನ್ ಅವರ ಮನೆತನದ ಸಂಬಂಧವಿದೆ. ನಮ್ಮವರು ರಾಮನ್ ಅವರ ತಂಗಿಯ ಮಗ. ಹೆಸರು ಒಂದೇ ಆದ್ದರಿಂದ ಗೊಂದಲವಾಗುವುದು ನನಗೊಬ್ಬನಿಗೇ ಅಲ್ಲ ಎಂದು ಸರ್ ನಕ್ಕರು.

ಚಂದ್ರಶೇಖರ್ ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕಲ್ಕತ್ತೆಯಲ್ಲಿ. ನಾಗಪುರ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ಸೋದರಮಾವನ ಬಳಿಯೇ ಪಿಎಚ್.ಡಿ.ಗೆ ಕೆಲಸ ಮಾಡಿದರು. ಸ್ಫಟಿಕಗಳಲ್ಲಿ ಹಾದುಹೋಗುವ ಬೆಳಕು ಹೇಗೆ ತಿರುಚಿಕೊಳ್ಳುತ್ತದೆ ಎಂಬುದು ವಿಷಯ. ಆಮೇಲೆ ಸ್ಕಾಲರ್‌ಶಿಪ್ ಮೇಲೆ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಹೋಗಿ ಇನ್ನೊಂದು ಪಿಎಚ್.ಡಿ. ಪಡೆದರು, ಲಂಡನ್ನಿನಲ್ಲೂ ಕೆಲಕಾಲ ಇದ್ದರು.

ಅಲ್ಲೇ ಉಳಿಯಬಹುದಿತ್ತು. ಆದರೆ 1961ರಲ್ಲಿ ಮೈಸೂರಿಗೆ ಬಂದರು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆಗಿನ್ನೂ ಹೊಸದು. ಅಲ್ಲಿನ ಭೌತಶಾಸ್ತ್ರ ವಿಭಾಗಕ್ಕೆ ಇವರೇ ಮೊದಲ ಮುಖ್ಯಸ್ಥರು. ವಿಭಾಗವನ್ನು ಕಟ್ಟುತ್ತಲೇ, ಜಗತ್ತಿನಲ್ಲಿ ಆಗ ಬಹಳ ಕಡಿಮೆ ಜನ ಕೈಹಾಕಿದ್ದ ಒಂದು ವಿಷಯವನ್ನು ಆರಿಸಿಕೊಂಡರು. ಅದೇ ದ್ರವಸ್ಫಟಿಕ, ಅಂದರೆ ಲಿಕ್ವಿಡ್ ಕ್ರಿಸ್ಟಲ್. ಎಲ್‌ಸಿಡಿ ಎಂಬ ಹೆಸರಿನಲ್ಲಿರುವ ಎಲ್ ಮತ್ತು ಸಿ ಇದೇ.

ಘನವಸ್ತುವಿನಲ್ಲಿ ಅಣುಗಳು ಸಾಲಾಗಿ ನಿಂತಿರುತ್ತವೆ, ದ್ರವದಲ್ಲಿ ದಿಕ್ಕಿಲ್ಲದೆ ಓಡಾಡುತ್ತವೆ ಎಂದು ನಾವು ಓದಿದ್ದೇವೆ. ಕೆಲವು ವಸ್ತುಗಳು ಇವೆರಡರ ನಡುವೆ ಇನ್ನೊಂದು ಸ್ಥಿತಿಯಲ್ಲಿ ನಿಲ್ಲುತ್ತವೆ. ದ್ರವದಂತೆ ಹರಿಯುತ್ತವೆ, ಆದರೂ ಅಣುಗಳೆಲ್ಲ ಸುಮಾರಾಗಿ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ನಮಾಜಿನಲ್ಲಿ ಸಾಲು ಸಾಲಾಗಿ ನಿಂತವರನ್ನು ನೆನೆಸಿಕೊಳ್ಳಿ. ಮುಖ ಒಂದೇ ಕಡೆಗೆ, ಆದರೆ ಇವರು ನಿಂತಲ್ಲಿ ನಿಲ್ಲದೆ ಜಾಗ ಬದಲಿಸುತ್ತಲೂ ಇರಬಹುದು.

ಬೈಕಿನ ಮೀಟರಿನಲ್ಲಿ ಎರಡು ಗಾಜುಗಳ ನಡುವೆ ಈ ದ್ರವದ ತೆಳು ಪದರವಿದೆ. ಹೊರಗಡೆ ಎರಡೂ ಕಡೆ ಪೋಲರೈಸರ್ ಹಾಳೆಗಳು, ಒಂದಕ್ಕೊಂದು ಅಡ್ಡವಾಗಿ. ಅಣುಗಳ ಸಾಲು ಒಂದು ಗಾಜಿನಿಂದ ಇನ್ನೊಂದಕ್ಕೆ 90 ಡಿಗ್ರಿ ತಿರುಚಿಕೊಂಡಿರುವುದರಿಂದ ಬೆಳಕೂ ಅದರ ಜೊತೆ ತಿರುಗಿ ಆಚೆ ಬರುತ್ತದೆ. ಎಲ್ಲಿ ವೋಲ್ಟೇಜ್ ಕೊಡುತ್ತೇವೋ ಅಲ್ಲಿ ತಿರುಚು ಬಿಚ್ಚಿಕೊಂಡು ಬೆಳಕು ನಿಲ್ಲುತ್ತದೆ, ಕಪ್ಪು ಅಂಕಿ ಮೂಡುತ್ತದೆ. ಇಷ್ಟು ಗೊತ್ತಾದ ಮೇಲೆ ಚಾಚಾ ಅವರ ಮೀಟರಿನ ಕಥೆ ಸುಲಭ. ದ್ರವ ಒಂದು ಮಿತಿಗಿಂತ ಹೆಚ್ಚು ಕಾದರೆ ಸಾಲು ಪೂರ್ತಿ ಮುರಿದು ಅದು ಬರೀ ದ್ರವವಾಗುತ್ತದೆ. ಬೆಳಕನ್ನು ತಿರುಗಿಸುವವರು ಯಾರೂ ಇಲ್ಲ, ಗಾಜೆಲ್ಲ ಕಪ್ಪು. ತಣ್ಣಗಾದರೆ ಸಾಲು ತಾನಾಗಿ ಮತ್ತೆ ಕೂಡುತ್ತದೆ.

ಎಲ್ಲಿ, ಯಾವಾಗ, ಎಷ್ಟು ವೋಲ್ಟೇಜ್ ಎಂದು ಹೇಳುವ ಚಿಪ್ಪೇ ಡಿಸ್‌ಪ್ಲೇ ಕಂಟ್ರೋಲರ್. ಬೈಕಿನಲ್ಲಿ ಅದಕ್ಕೆ ಕೆಲವೇ ಗೆರೆಗಳನ್ನು ನೋಡಿಕೊಂಡರೆ ಸಾಕು. ಕಾರಿನ ಪರದೆಯಲ್ಲಿ ಹಾಗಲ್ಲ. 800 ಅಡ್ಡ, 480 ಉದ್ದದ ಸಾಧಾರಣ ಪರದೆ ಎಂದರೂ 3,84,000 ಚುಕ್ಕಿಗಳು. ಒಂದೊಂದಕ್ಕೆ 2 ಬೈಟ್ ಬಣ್ಣದ ಲೆಕ್ಕ ಇಟ್ಟರೆ ಒಂದು ಚಿತ್ರಕ್ಕೆ 7,68,000 ಬೈಟ್. ಅದನ್ನು ಮೆಮೊರಿಯಿಂದ ಸಾಲು ತಪ್ಪದೆ ಓದಿ ಸೆಕೆಂಡಿಗೆ 60 ಸಲ ಪರದೆಗೆ ಕಳಿಸಬೇಕು. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ವೋಲ್ಟೇಜ್ ಒಂದೇ ದಿಕ್ಕಿನಲ್ಲಿ ಉಳಿದರೆ ದ್ರವದಲ್ಲಿರುವ ಅಯಾನುಗಳು ಒಂದು ಪಕ್ಕಕ್ಕೆ ಸೇರಿ ಪರದೆ ಕ್ರಮೇಣ ಹಾಳಾಗುತ್ತದೆ. ಹಾಗಾಗಿ ಕಂಟ್ರೋಲರ್ ಧನ, ಋಣ ಎಂದು ತಿರುಗಿಸುತ್ತಲೇ ಇರಬೇಕು. ಆಜ್ಞೆ ಮಾಡುವ ಚಿಪ್ ಆಜ್ಞೆ ಪಾಲಿಸುವ ದ್ರವದ ಸ್ವಭಾವಕ್ಕೆ ಬಗ್ಗಿಯೇ ನಡೆಯುತ್ತದೆ. ಚಂದ್ರಶೇಖರ್ ಜೀವನವಿಡೀ ಹುಡುಕಿದ್ದು ಆ ಸ್ವಭಾವವನ್ನು.

1970ರ ನವೆಂಬರಿನಲ್ಲಿ ರಾಮನ್ ತೀರಿಕೊಂಡರು. ಮರುವರ್ಷ ಚಂದ್ರಶೇಖರ್ ಬೆಂಗಳೂರಿನ ಅದೇ ರಾಮನ್ ಸಂಸ್ಥೆಗೆ ಹೋಗಿ ದ್ರವಸ್ಫಟಿಕದ ಪ್ರಯೋಗಾಲಯ ಕಟ್ಟಿದರು. ಮೈಸೂರಿನ ಕೆಲವು ಶಿಷ್ಯರೂ ಜೊತೆಗೆ ಹೋದರು.

ಅಲ್ಲಿಯವರೆಗೆ ಗೊತ್ತಿದ್ದ ದ್ರವಸ್ಫಟಿಕಗಳ ಅಣುಗಳು ಕಡ್ಡಿಯ ಆಕಾರದವು. ಕಡ್ಡಿಗಳು ಒಂದೇ ದಿಕ್ಕಿಗೆ ನಿಲ್ಲುವುದಾದರೆ ತಟ್ಟೆಯಂಥ ಅಣುಗಳು ಯಾಕೆ ನಿಲ್ಲಬಾರದು ಎಂಬುದು ಅವರ ಪ್ರಶ್ನೆ. ಬೆಂಜೀನ್ ಉಂಗುರದ ಆರೂ ಮೂಲೆಗೆ ಒಂದೊಂದು ಉದ್ದನೆಯ ಬಾಲ ಕಟ್ಟಿದ ಅಣುವನ್ನು ತಯಾರಿಸಿ ನೋಡಿದರು. ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಈ ಕೆಲಸದಲ್ಲಿ ಜೊತೆಗಿದ್ದವರು. ದಾವತ್ತಿನ ಮನೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಆ ಪೇರಿಕೆಗಳನ್ನು ಪಕ್ಕಪಕ್ಕ ಇಟ್ಟ ಹಾಗೆ ಅಣುಗಳು ಕಂಬ ಕಂಬವಾಗಿ ನಿಂತವು. 1977ರಲ್ಲಿ ಈ ಫಲಿತಾಂಶ ಪ್ರಕಟವಾಯಿತು, ಅದೂ ಬೆಂಗಳೂರಿನಿಂದಲೇ ಹೊರಡುವ ಪ್ರಮಾಣ ಎಂಬ ಪತ್ರಿಕೆಯಲ್ಲಿ. ದೊಡ್ಡ ಸಂಶೋಧನೆ ಎಂದರೆ ವಿದೇಶಿ ಪತ್ರಿಕೆಯಲ್ಲೇ ಬರಬೇಕು ಎಂದು ನಾನು ತಿಳಿದಿದ್ದೆ. ಜಗತ್ತಿನ ವಿಜ್ಞಾನಿಗಳು ಇದನ್ನು ಹುಡುಕಿಕೊಂಡು ಬಂದು ಓದಿದರು. ಅದೇ ವರ್ಷ ಅವರ ದ್ರವಸ್ಫಟಿಕಗಳ ಪುಸ್ತಕವೂ ಕೇಂಬ್ರಿಜ್‌ನಿಂದ ಬಂತು.

ತಟ್ಟೆ ಅಣುಗಳಿಂದ ಆದ ಉಪಯೋಗವೂ ಪರದೆಗೇ. ಮೊದಲ ಕಾಲದ ಎಲ್‌ಸಿಡಿಯನ್ನು ಪಕ್ಕದಿಂದ ನೋಡಿದರೆ ಬಣ್ಣ ಕೆಟ್ಟು ಮಸುಕಾಗುತ್ತಿತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಈ ಜಾತಿಯ ಅಣುಗಳ ಪದರವಿರುವ ತೆಳು ಹಾಳೆ ಮಾಡಿ ಪರದೆಗೆ ಅಂಟಿಸುವಂತೆ ಕೊಟ್ಟಿತು. ಓರೆಯಿಂದ ನೋಡಿದರೂ ಚಿತ್ರ ಸ್ಪಷ್ಟವಾಯಿತು. ಹುಡುಕಿದ್ದು ಬೆಂಗಳೂರು, ಮಾರಿದ್ದು ಜಪಾನ್. ಓದುವಾಗ ನನಗೆ ಸ್ವಲ್ಪ ಹೊಟ್ಟೆ ಉರಿದದ್ದು ನಿಜ.

ಚಂದ್ರಶೇಖರ್ ಸುಮ್ಮನೆ ಕೂರಲಿಲ್ಲ. 1990ರಲ್ಲಿ ನಿವೃತ್ತರಾದ ಮೇಲೆ ಬೆಂಗಳೂರಿನ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನು ಹುಟ್ಟುಹಾಕಿದರು. ಪಕ್ಕದಲ್ಲೇ ಬಿಇಎಲ್ ಕಾರ್ಖಾನೆ. ಅಂತರರಾಷ್ಟ್ರೀಯ ದ್ರವಸ್ಫಟಿಕ ಸಂಘದ ಮೊದಲ ಅಧ್ಯಕ್ಷರೂ ಇವರೇ. 1983ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ, 1998ರಲ್ಲಿ ಪದ್ಮಭೂಷಣ. 2004ರ ಮಾರ್ಚ್ 8ರಂದು ತೀರಿಕೊಂಡರು. ಅವರ ಕೇಂದ್ರ ಬೇರೆ ಹೆಸರಿನಲ್ಲಿ ಈಗಲೂ ಬೆಂಗಳೂರಿನಲ್ಲಿ ನಡೆಯುತ್ತಿದೆ.

ನಮ್ಮ ಕಡೆ ಕಾವಲಿನಲ್ಲಿ ಈಗ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದಿವೆ. ಮೊದಲು ದನ, ಕುರಿ ಮೇಯುತ್ತಿದ್ದ ಜಾಗಕ್ಕೆ ಉದ್ದನೆಯ ಗೋಡೆ ಬಂದಿದೆ. ವಿಜ್ಞಾನ ಎಂದರೆ ಆ ಗೋಡೆಯ ಆಚೆ ನಡೆಯುವುದು ಎಂದೇ ನಮ್ಮ ಮನೆಯಲ್ಲಿ ಮಾತು. ಈ ಕಥೆಯನ್ನು ನಾನು ಚಾಚಾಗೆ ಹೇಳಿದೆ. ಎಲ್ಲ ಕೇಳಿ, ಹಾಗಾದರೆ ಮೀಟರ್ ಬದಲಿಸಬೇಕೋ ಬೇಡವೋ ಎಂದಷ್ಟೇ ಕೇಳಿದರು. ಬೇಡ ಎಂದೆ. ಈಗ ಬಿಸಿಲಲ್ಲಿ ಗಾಡಿ ನಿಲ್ಲಿಸುವುದಾದರೆ ಮೀಟರಿನ ಮೇಲೆ ಟವೆಲ್ ಮಡಿಚಿ ಹಾಕಿ ಹೋಗುತ್ತಾರೆ.