ಜಿ. ಎಚ್. ಕೃಂಬಿಗಲ್

ಗುಸ್ತಾವ್ ಹರ್ಮನ್ ಕೃಂಬಿಗಲ್ (೧೮ ಡಿಸೆಂಬರ್ ೧೮೬೫ – ೮ ಫೆಬ್ರವರಿ ೧೯೫೬) ಅವರು ಜರ್ಮನಿ ಮೂಲದ ತೋಟಗಾರಿಕಾ ತಜ್ಞರು, ಸಸ್ಯಶಾಸ್ತ್ರಜ್ಞರು ಹಾಗೂ ಉದ್ಯಾನ ವಿನ್ಯಾಸಕಾರರು. ಬರೋಡ ಮತ್ತು ಮೈಸೂರು ಸಂಸ್ಥಾನಗಳಲ್ಲಿ ಸೇವೆ ಸಲ್ಲಿಸಿದ ಇವರು ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದ ಬೆಳವಣಿಗೆಗೆ, ನಗರದ ಸಾಲುಮರಗಳ ಯೋಜನೆಗೆ ಮತ್ತು ಹೊರನಾಡಿನ ಸಸ್ಯಗಳನ್ನು ಇಲ್ಲಿನ ನೆಲಕ್ಕೆ ಪರಿಚಯಿಸಿದ ಕಾರ್ಯಕ್ಕೆ ಪ್ರಸಿದ್ಧರಾಗಿದ್ದಾರೆ.

ಆರಂಭಿಕ ಜೀವನ

ಕೃಂಬಿಗಲ್ ಅವರು ಡ್ರೆಸ್ಡನ್ ಸಮೀಪದ ಲೋಮೆನ್ ಎಂಬಲ್ಲಿ ಜನಿಸಿದರು. ಪಿಲ್‌ನಿಟ್ಸ್‌ನಲ್ಲಿ ತೋಟಗಾರಿಕೆಯ ತರಬೇತಿ ಪಡೆದು, ಹ್ಯಾಂಬರ್ಗ್ ಮುಂತಾದ ಕಡೆ ಕೆಲಸ ಮಾಡಿದರು. ೧೮೮೮ರಲ್ಲಿ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಪಾತಿಗಳನ್ನು ರೂಪಿಸಿದರು. ಅನಂತರ ಕ್ಯೂ ಉದ್ಯಾನದ ಸಿಬ್ಬಂದಿಯಾದರು. ಆ ಕಾಲದಲ್ಲಿ ಕ್ಯೂ ಉದ್ಯಾನವು ವಿಶ್ವದ ನಾನಾ ಭಾಗಗಳ ನಡುವೆ ಬೀಜ ಮತ್ತು ಸಸಿಗಳ ವಿನಿಮಯಕ್ಕೆ ಕೇಂದ್ರವಾಗಿತ್ತು.

ಬರೋಡದಲ್ಲಿ ಸೇವೆ

೧೮೯೩ರಲ್ಲಿ ಕೃಂಬಿಗಲ್ ಅವರು ಬರೋಡ ಸಂಸ್ಥಾನದ ಉದ್ಯಾನಗಳ ಮೇಲ್ವಿಚಾರಕರಾಗಿ ಭಾರತಕ್ಕೆ ಬಂದರು. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಬರೋಡದ ಉದ್ಯಾನಗಳನ್ನೂ ಊಟಿಯಲ್ಲಿದ್ದ ಅರಮನೆಯ ತೋಟವನ್ನೂ ನೋಡಿಕೊಂಡರು.

ಮೈಸೂರು ಸಂಸ್ಥಾನದಲ್ಲಿ

ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದ ಮೇರೆಗೆ ೧೯೦೮ರಲ್ಲಿ ಬೆಂಗಳೂರಿಗೆ ಬಂದು, ಜಾನ್ ಕ್ಯಾಮರಾನ್ ಅವರ ನಂತರ ಲಾಲ್‌ಬಾಗ್‌ನ ಹೊಣೆ ವಹಿಸಿಕೊಂಡರು. ೧೯೩೨ರವರೆಗೆ ಈ ಹುದ್ದೆಯಲ್ಲಿದ್ದರು. ಅವರ ನಂತರ ಎಚ್. ಸಿ. ಜವರಾಯ ಅವರು ಅಧಿಕಾರ ವಹಿಸಿಕೊಂಡರು.

ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹಿತಕರ ಹವೆಯು ಉಷ್ಣವಲಯದ ಸಸ್ಯಗಳಿಗೂ ತಂಪು ನಾಡಿನ ಕೆಲವು ಸಸ್ಯಗಳಿಗೂ ಒಗ್ಗುತ್ತದೆ. ಈ ಅನುಕೂಲವನ್ನು ಬಳಸಿಕೊಂಡ ಕೃಂಬಿಗಲ್ ಅವರು ವಿದೇಶಿ ಉದ್ಯಾನಗಳೊಂದಿಗೆ ಬೀಜ ವಿನಿಮಯವನ್ನು ವಿಸ್ತರಿಸಿದರು. ರೋಡ್ಸ್ ಹುಲ್ಲು, ಸೋಯಾ ಅವರೆ, ಅಮೆರಿಕದ ಮುಸುಕಿನ ಜೋಳ, ರಷ್ಯಾದ ಸೂರ್ಯಕಾಂತಿ, ಜಾವಾದ ಭತ್ತದ ತಳಿಗಳು ಮತ್ತು ದಕ್ಷಿಣ ಅಮೆರಿಕದ ಫೆಯಿಜೋವ ಹಣ್ಣಿನ ಗಿಡ ಅವರ ಕಾಲದಲ್ಲಿ ಲಾಲ್‌ಬಾಗ್‌ಗೆ ಬಂದವು. ಹೀಗೆ ತಂದ ಸಸ್ಯಗಳೆಲ್ಲವೂ ಸಮಾನವಾಗಿ ನೆಲೆಗೊಳ್ಳಲಿಲ್ಲ. ಸೋಯಾ ಅವರೆ ಮತ್ತು ಸೂರ್ಯಕಾಂತಿ ಇಂದು ಕರ್ನಾಟಕದ ಹೊಲಗಳಲ್ಲಿ ಬೆಳೆಯುತ್ತವೆ. ಫೆಯಿಜೋವ ಮಾತ್ರ ಮನೆತೋಟದ ಸಾಮಾನ್ಯ ಹಣ್ಣಾಗಲಿಲ್ಲ.

೧೯೧೨ರಲ್ಲಿ ಸ್ಥಾಪನೆಯಾದ ಮೈಸೂರು ಉದ್ಯಾನಕಲಾ ಸಂಘದ ಹಿಂದೆ ಅವರ ಪ್ರಯತ್ನವಿತ್ತು. ಅರಮನೆ ಮತ್ತು ಬಂಗಲೆಗಳಿಗೆ ಸೀಮಿತವಾಗಿದ್ದ ತೋಟಗಾರಿಕೆಯನ್ನು ಸಾಮಾನ್ಯರ ಮನೆಯಂಗಳಕ್ಕೆ ತಲುಪಿಸುವಲ್ಲಿ ಈ ಸಂಘ ನೆರವಾಯಿತು. ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದಲ್ಲಿ ಸಂಘವು ಇಂದಿಗೂ ಪಾಲ್ಗೊಳ್ಳುತ್ತದೆ.

ಸಾಲುಮರಗಳು ಮತ್ತು ಉದ್ಯಾನಗಳು

ಒಂದು ಜಾತಿಯ ಮರ ಹೂ ಉದುರಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ರಸ್ತೆಗಳಿಗೆ ಮರಗಳನ್ನು ಆಯ್ಕೆ ಮಾಡುವ ಕ್ರಮವು ಅವರ ಹೆಸರಿನೊಂದಿಗೆ ಗುರುತಿಸಲ್ಪಟ್ಟಿದೆ. ಬೇಸಿಗೆಯ ಆರಂಭದ ತಬೆಬೂಯ ಮತ್ತು ಜಕರಂಡಗಳ ಹಿಂದೆಯೇ ಗುಲ್‌ಮೊಹರ್ ಅರಳುವುದು ಇದಕ್ಕೆ ಉದಾಹರಣೆ. ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ನಿರ್ಮಾಣಗೊಂಡ ಬೃಂದಾವನ ಉದ್ಯಾನದ ವಿನ್ಯಾಸದಲ್ಲಿಯೂ ಅವರ ಪಾತ್ರವಿದೆ.

ಯುದ್ಧಕಾಲ

ಬ್ರಿಟನ್ ಮತ್ತು ಜರ್ಮನಿ ಪರಸ್ಪರ ಎದುರಾಳಿಗಳಾದಾಗ ಕೃಂಬಿಗಲ್ ಅವರ ಸ್ಥಿತಿ ಇಕ್ಕಟ್ಟಿಗೆ ಸಿಲುಕಿತು. ಸಂಸ್ಥಾನಕ್ಕೆ ಅವರು ವಿಶ್ವಾಸಾರ್ಹ ಅಧಿಕಾರಿಯಾಗಿದ್ದರೂ ಬ್ರಿಟಿಷ್ ಆಡಳಿತಕ್ಕೆ ಶತ್ರುದೇಶದವರಾಗಿದ್ದರು. ಎರಡೂ ಮಹಾಯುದ್ಧಗಳ ಅವಧಿಯಲ್ಲಿ ಅವರನ್ನು ಬಂಧನದಲ್ಲಿಡಲಾಗಿತ್ತು. ಆದರೂ ಅವರು ಜರ್ಮನಿಗೆ ಹಿಂದಿರುಗಿ ನೆಲಸದೆ ಬೆಂಗಳೂರನ್ನೇ ತಮ್ಮ ಊರಾಗಿಸಿಕೊಂಡರು.

ನಿಧನ ಮತ್ತು ಸ್ಮರಣೆ

ಕೃಂಬಿಗಲ್ ಅವರು ತಮ್ಮ ೯೦ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಹೊಸೂರು ರಸ್ತೆಯ ಮೆಥೋಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗ್ ಬಳಿಯ ಒಂದು ರಸ್ತೆಗೆ ಅವರ ಹೆಸರಿಡಲಾಗಿದೆ. ಉದ್ಯಾನದೊಳಗೆ ಅವರ ಹೆಸರು ಹೊತ್ತಿದ್ದ ಹಳೆಯ ಸಭಾಂಗಣವು ನಿರ್ವಹಣೆಯ ಕೊರತೆಯಿಂದ ಶಿಥಿಲಗೊಂಡಿತು. ಬೆಂಗಳೂರಿನಲ್ಲಿ ರಸ್ತೆ ವಿಸ್ತರಣೆಗಾಗಿ ಅನೇಕ ಹಳೆಯ ಸಾಲುಮರಗಳನ್ನು ಕಡಿಯಲಾಗಿದ್ದು, ಉಳಿದ ಮರಗಳ ರಕ್ಷಣೆಯ ಚರ್ಚೆಯಲ್ಲಿ ಅವರ ಹೆಸರು ಇಂದಿಗೂ ಪ್ರಸ್ತಾಪವಾಗುತ್ತದೆ.