ಬೀಜ ಮತ್ತು ಮಣ್ಣು: ಕ್ಯಾನ್ಸರಿನ ಹಾದಿ ಅರಸಿದ ಸ್ಟೀಫನ್ ಪ್ಯಾಜೆಟ್

ಹೊಸಪೇಟೆ: ಇಲ್ಲಿಂದ ಕಂಪ್ಲಿಯವರೆಗಿನ ಗದ್ದೆಗಳಿಗೆ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುತ್ತಿವೆ. ನೀರಿನೊಡನೆ ಕಳೆಯ ಬೀಜವೂ ತೇಲಿಬರುತ್ತದೆ. ಆದರೆ ಅದು ತಲುಪಿದಲ್ಲೆಲ್ಲ ಬೇರೂರುವುದಿಲ್ಲ. ಒಂದು ಗದ್ದೆಯಲ್ಲಿ ದಟ್ಟವಾಗಿ ಹಬ್ಬಿದ ಕಳೆ ಪಕ್ಕದ ಗದ್ದೆಯಲ್ಲಿ ಹೆಸರಿಗೂ ಕಾಣದಿರಬಹುದು. ರೈತನಿಗೆ ಸಹಜವೆನಿಸುವ ಈ ಸಂಗತಿಯನ್ನು ಕ್ಯಾನ್ಸರ್ ರೋಗಕ್ಕೆ ಅನ್ವಯಿಸಿ ನೋಡಿದವರು ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್.

1855ರಲ್ಲಿ ಜನಿಸಿದ ಪ್ಯಾಜೆಟ್ ಅವರ ತಂದೆ ಸರ್ ಜೇಮ್ಸ್ ಪ್ಯಾಜೆಟ್ ಆ ಕಾಲದ ವೈದ್ಯಲೋಕದ ದೊಡ್ಡ ಹೆಸರು. ಮೂಳೆಯ ಒಂದು ವ್ಯಾಧಿಗೂ ಸ್ತನದ ಒಂದು ವ್ಯಾಧಿಗೂ ಇಂದಿಗೂ ಅವರದೇ ಹೆಸರಿದೆ. ಮಗ ಆಕ್ಸ್‌ಫರ್ಡ್‌ನಲ್ಲಿ ವ್ಯಾಸಂಗ ಮಾಡಿ, ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ ಪಡೆದು ಶಸ್ತ್ರವೈದ್ಯರಾದರು.

ಸ್ತನದ ಗಡ್ಡೆಯನ್ನು ಕತ್ತರಿಸಿ ತೆಗೆದರೂ ಕೆಲವು ಕಾಲದ ನಂತರ ರೋಗವು ಯಕೃತ್ತಿನಲ್ಲೋ ಮೂಳೆಯಲ್ಲೋ ಮತ್ತೆ ತಲೆಯೆತ್ತುವುದು ಅಂದಿನ ವೈದ್ಯರನ್ನು ಕಾಡಿದ ಪ್ರಶ್ನೆಯಾಗಿತ್ತು. ಗಡ್ಡೆಯಿಂದ ಕಳಚಿಕೊಂಡ ಕಣಗಳು ರಕ್ತನಾಳ, ದುಗ್ಧನಾಳಗಳಲ್ಲಿ ಸಾಗಿ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆಯೋ ಅಲ್ಲಿ ಬೆಳೆಯುತ್ತವೆ ಎಂಬ ಅಭಿಪ್ರಾಯವಿತ್ತು. ಪ್ಯಾಜೆಟ್ ಅವರಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಸ್ತನ ಕ್ಯಾನ್ಸರಿನಿಂದ ಮೃತಪಟ್ಟ 735 ಮಹಿಳೆಯರ ದಾಖಲೆಗಳನ್ನು ಅವರು ಕಲೆಹಾಕಿದರು. ಯಕೃತ್ತಿನಲ್ಲಿ ರೋಗ ಕಂಡದ್ದು 241 ಮಂದಿಗೆ. ಗುಲ್ಮದಲ್ಲಿ ಕೇವಲ 17 ಮಂದಿಗೆ. ಗುಲ್ಮಕ್ಕೂ ರಕ್ತ ಹೇರಳವಾಗಿಯೇ ಹರಿಯುತ್ತದೆ. ಹರಿವು ಒಂದೇ ಕಾರಣವಾಗಿದ್ದರೆ ಇಷ್ಟೊಂದು ಅಂತರ ಬರುವಂತಿರಲಿಲ್ಲ. ರೋಗದ ಬೀಜ ಎಲ್ಲೆಡೆಗೂ ಹೋಗುತ್ತದೆ, ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂಬ ನಿರ್ಣಯಕ್ಕೆ ಬಂದ ಅವರು ಅದನ್ನು 1889ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ವಿಚಾರದ ಸುಳಿವನ್ನು ತಮಗಿಂತ ಮೊದಲೇ ಕೊಟ್ಟಿದ್ದ ನೇತ್ರತಜ್ಞ ಅರ್ನ್ಸ್ಟ್ ಫುಕ್ಸ್ ಅವರ ಹೆಸರನ್ನು ಅವರು ಮರೆಮಾಚಲಿಲ್ಲ.

ಅವರ ಮಾತೆಲ್ಲವೂ ನಿಜವಾಯಿತೆಂದಲ್ಲ. ಹೃದಯದ ಶಸ್ತ್ರಚಿಕಿತ್ಸೆಗೆ ಪ್ರಕೃತಿಯೇ ಎಲ್ಲೆ ಹಾಕಿದೆ, ಅದನ್ನು ದಾಟುವುದು ಅಸಾಧ್ಯವೆಂಬರ್ಥದಲ್ಲಿ ಅವರು 1896ರಲ್ಲಿ ಬರೆದರು. ಅದೇ ವರ್ಷ ಫ್ರಾಂಕ್‌ಫರ್ಟ್‌ನಲ್ಲಿ ಲುಡ್ವಿಗ್ ರೆಹ್ನ್ ಇರಿತಕ್ಕೊಳಗಾದ ಹೃದಯಕ್ಕೆ ಹೊಲಿಗೆ ಹಾಕಿ ರೋಗಿಯನ್ನು ಉಳಿಸಿದರು!

ನಂತರದ ವರ್ಷಗಳಲ್ಲಿ ಪ್ಯಾಜೆಟ್ ಕತ್ತಿಗಿಂತ ಲೇಖನಿಗೇ ಹೆಚ್ಚು ಒಲಿದರು. ತಂದೆಯ ಜೀವನಸ್ಮೃತಿಯನ್ನು ಸಂಪಾದಿಸಿದರು. ಪ್ರಾಣಿಗಳ ಮೇಲಿನ ಪ್ರಯೋಗವನ್ನು ವಿರೋಧಿಸುವ ಚಳವಳಿ ಲಂಡನ್ನಿನಲ್ಲಿ ಬೀದಿಗಿಳಿದಿದ್ದ ಕಾಲವದು. ಅಂಥ ಪ್ರಯೋಗಗಳಿಲ್ಲದೆ ವೈದ್ಯವಿಜ್ಞಾನ ಮುನ್ನಡೆಯದೆಂದು ನಂಬಿದ್ದ ಅವರು 1908ರಲ್ಲಿ ಸಂಶೋಧನಾ ರಕ್ಷಣಾ ಸಂಘವನ್ನು ಸ್ಥಾಪಿಸಿದರು. ವಿರೋಧಿಗಳ ಕಳಕಳಿಯೂ ಹುಸಿಯಾಗಿರಲಿಲ್ಲ. ಆ ವಾದ ಇನ್ನೂ ಮುಗಿದಿಲ್ಲ.

ಪ್ಯಾಜೆಟ್ 1926ರಲ್ಲಿ ನಿಧನರಾದರು. ಎರಡೇ ವರ್ಷಗಳಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್, ರಕ್ತನಾಳಗಳ ರಚನೆಯೇ ಎಲ್ಲವನ್ನೂ ನಿರ್ಧರಿಸುತ್ತದೆಂದು ವಾದಿಸಿದರು. ದಶಕಗಳ ಕಾಲ ಆ ಮಾತೇ ನಡೆಯಿತು.

ಪ್ಯಾಜೆಟ್ ಅವರ ಪಕ್ಷಕ್ಕೆ ಸಾಕ್ಷಿ ದೊರೆತದ್ದು ಇಲಿಗಳಿಂದ. ಐಸಾಯಾ ಫಿಡ್ಲರ್ 1970ರಲ್ಲಿ ಕ್ಯಾನ್ಸರ್ ಕೋಶಗಳಿಗೆ ವಿಕಿರಣದ ಗುರುತು ಹಾಕಿ ಇಲಿಗಳ ರಕ್ತನಾಳಕ್ಕೆ ಸೇರಿಸಿ, ಅವುಗಳ ಜಾಡು ಹಿಡಿದರು. ಬಹುತೇಕ ಕೋಶಗಳು ಬೇಗನೆ ಸತ್ತವು. ಗಡ್ಡೆಯಾಗಿ ಬೆಳೆದವು ಶೇಕಡಾ 1ಕ್ಕಿಂತಲೂ ಬಹಳ ಕಡಿಮೆ. 1980ರಲ್ಲಿ ಅವರು ಇಯಾನ್ ಹಾರ್ಟ್ ಅವರೊಡನೆ ಇನ್ನೂ ನೇರವಾದ ಪರೀಕ್ಷೆ ನಡೆಸಿದರು. ಇಲಿಗಳಿಗೆ ಶ್ವಾಸಕೋಶ, ಅಂಡಾಶಯ ಹಾಗೂ ಮೂತ್ರಪಿಂಡದ ತುಣುಕುಗಳನ್ನು ಕಸಿ ಮಾಡಿ, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳನ್ನು ರಕ್ತಕ್ಕೆ ಬಿಟ್ಟರು. ಕೋಶಗಳು ಎಲ್ಲ ತುಣುಕುಗಳನ್ನೂ ತಲುಪಿದವು. ಗಡ್ಡೆ ಬೆಳೆದದ್ದು ಶ್ವಾಸಕೋಶ ಮತ್ತು ಅಂಡಾಶಯದ ತುಣುಕುಗಳಲ್ಲಿ. ಮೂತ್ರಪಿಂಡದ ತುಣುಕಿನಲ್ಲಿ ಬೆಳೆಯಲಿಲ್ಲ.

ಸಂಡೂರು, ಕಂಪ್ಲಿಯ ಮಹಿಳೆಯೊಬ್ಬರು ಸ್ತನದ ಗಡ್ಡೆಯ ಚಿಕಿತ್ಸೆಗೆಂದು ರಾತ್ರಿಯ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋದರೆ, ರೋಗ ಹರಡಿರುವ ಸಂದೇಹವಿದ್ದಲ್ಲಿ ವೈದ್ಯರು ಮುಖ್ಯವಾಗಿ ಮೂಳೆ, ಯಕೃತ್ತು, ಶ್ವಾಸಕೋಶಗಳನ್ನು ಪರೀಕ್ಷಿಸುತ್ತಾರೆ. ಗುಲ್ಮದಲ್ಲಿ ಆ ರೋಗ ಕಾಣುವುದು ಇಂದಿಗೂ ಅಪರೂಪ.